ಗೋಡೆಯಾಚೆಯ ಗುರಿ: ಮಾರ್ಟರ್ ಮತ್ತು ಅದರ ಮದ್ದುಗುಂಡಿನ ಇತಿಹಾಸದಲ್ಲಿ ಕೋಲಾರ ಸೀಮೆ

ಕೋಲಾರ ಸೀಮೆಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಮೊದಲನೆಯದು ಗಂಗರ ಕುವಳಾಲಪುರದಿಂದ ಹೊರಟು ಶಾಸನ, ಬಸದಿ, ದೇವಾಲಯಗಳ ಮೂಲಕ ಸಾಗುತ್ತದೆ. ಎರಡನೆಯದು ಚಿನ್ನದ ಗಣಿಯಿಂದ ಹೊರಟು ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆಗಳ ಕಾರ್ಮಿಕ ಬದುಕಿನತ್ತ ಹೊರಳುತ್ತದೆ. ಈ ಎರಡರ ನಡುವೆ ಮೂರನೆಯದೊಂದು ದಾರಿಯಿದೆ. ಅದು ಮದ್ದಿನ ದಾರಿ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರ್ ಅಲಿಯ ಸೈನ್ಯದ ಬಾಣಗಳು, 1791ರಲ್ಲಿ ಕೋಲಾರವನ್ನು ಹಾದುಹೋದ ಕಾರ್ನ್‌ವಾಲಿಸನ ತೋಪುಗಳು, ಗಣಿಯ ಬಂಡೆಯನ್ನು ಒಡೆದ ಡೈನಮೈಟ್, ಇಂದಿಗೂ ಸೇನೆಗೆ ವಾಹನಗಳನ್ನು ತಯಾರಿಸುತ್ತಿರುವ ಕೆ.ಜಿ.ಎಫ್.ನ ಬೆಮೆಲ್ ಕಾರ್ಖಾನೆ, ಇವೆಲ್ಲ ಈ ದಾರಿಯ ಮೇಲಿನ ನಿಲ್ದಾಣಗಳು.

ಈ ದಾರಿಯನ್ನು ಅರ್ಥಮಾಡಿಕೊಳ್ಳಲು ಒಂದು ನಿರ್ದಿಷ್ಟ ಆಯುಧದ ಬೆಳವಣಿಗೆಯನ್ನು ಹಿಂಬಾಲಿಸುವುದು ಉಪಯುಕ್ತ. ಆ ಆಯುಧ ಮಾರ್ಟರ್. ತೋಪು ಕಣ್ಣಿಗೆ ಕಾಣುವ ಗೋಡೆಯನ್ನು ಹೊಡೆಯುತ್ತದೆ. ಮಾರ್ಟರ್ ಗೋಡೆಯಾಚೆ ಇರುವ, ಕಣ್ಣಿಗೆ ಕಾಣದ ಸ್ಥಳವನ್ನು ಹೊಡೆಯುತ್ತದೆ. ಈ ಒಂದು ವ್ಯತ್ಯಾಸದಿಂದ ಅದರ ರಚನೆ, ಅದರ ಗುಂಡಿನ ಸ್ವರೂಪ, ಅದರ ನೈತಿಕ ಸಮಸ್ಯೆ ಎಲ್ಲವೂ ಹುಟ್ಟಿಕೊಂಡಿವೆ. ಮಾರ್ಟರಿನ ಇತಿಹಾಸವೆಂದರೆ ಹೊಡೆಯುವವನ ಕಣ್ಣಿಗೂ ಹೊಡೆತ ಬೀಳುವ ನೆಲಕ್ಕೂ ನಡುವಿನ ಅಂತರ ಹಿಗ್ಗುತ್ತ ಹೋದ ಇತಿಹಾಸ.

ಒರಳು ಮತ್ತು ಬತ್ತಿ

ಮಾರ್ಟರ್ ಎಂಬ ಪದಕ್ಕೆ ಮೂಲ ಲ್ಯಾಟಿನ್ನಿನ 'ಮೊರ್ಟಾರಿಯಂ'. ಅದರ ಅರ್ಥ ಒರಳು. ಗಿಡ್ಡನೆಯ, ದಪ್ಪ ಗೋಡೆಯ, ಅಗಲ ಬಾಯಿಯ ಈ ತೋಪನ್ನು ನೆಲದ ಮೇಲಿಟ್ಟಾಗ ಅದು ನಿಜಕ್ಕೂ ಒರಳಿನಂತೆಯೇ ಕಾಣುತ್ತಿತ್ತು. ಕನ್ನಡದಲ್ಲಿ ಯುದ್ಧಸಾಮಗ್ರಿಯ ಪದಗಳು ನಾನಾ ಕಡೆಗಳಿಂದ ಬಂದಿವೆ. 'ತೋಪು' ತುರ್ಕಿಯಿಂದ ಬಂದುದು. 'ಫಿರಂಗಿ' ಎಂಬುದು ಪರಂಗಿಯವರ ಹೆಸರನ್ನೇ ಹೊತ್ತಿದೆ. 'ಮದ್ದು' ಎಂಬ ಅಚ್ಚಗನ್ನಡ ಪದ ರೋಗ ವಾಸಿಮಾಡುವ ಔಷಧಕ್ಕೂ ಪ್ರಾಣ ತೆಗೆಯುವ ಸಿಡಿಪುಡಿಗೂ ಒಂದೇ. 'ಬಾಣ' ಎಂಬುದು ಬಿಲ್ಲಿನ ಅಂಬಿನಿಂದ ಹೊರಟು ಬೆಂಕಿಯುಗುಳುತ್ತ ಹಾರುವ ರಾಕೆಟ್ಟಿಗೂ ಸಂದಿತು. ಜಾತ್ರೆಯ ಬಾಣಬಿರುಸುಗಳಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ತೋಪಿಗಿಂತ ಮೊದಲು ಕೋಟೆಯ ಮೇಲೆ ಕಲ್ಲೆಸೆಯುತ್ತಿದ್ದ ಯಂತ್ರಕ್ಕೆ 'ಡೆಂಕಣಿ' ಎಂಬ ಹೆಸರಿತ್ತು. ಕಲ್ಲನ್ನು ಎತ್ತರಕ್ಕೆ ಎಸೆದು ಗೋಡೆ ದಾಟಿಸುವ ಡೆಂಕಣಿಯ ಕೆಲಸವನ್ನೇ ಮದ್ದಿನ ಬಲದಿಂದ ಮಾಡಲು ಹುಟ್ಟಿದ್ದು ಮಾರ್ಟರ್.

ಸಾಮಾನ್ಯ ತೋಪಿನ ನಳಿಗೆ ಉದ್ದ. ಅದರ ಗುಂಡು ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಮಾರ್ಟರಿನ ನಳಿಗೆ ಗಿಡ್ಡ. 45 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿನ ಕೋನದಲ್ಲಿ ಗುಂಡು ಆಕಾಶಕ್ಕೆ ಏರಿ, ಬಾಗಿ, ಮೇಲಿನಿಂದ ಕೆಳಗೆ ಬೀಳುತ್ತದೆ. 1453ರಲ್ಲಿ ಕಾನ್‌ಸ್ಟಾಂಟಿನೋಪಲ್‌ಗೆ ಮುತ್ತಿಗೆ ಹಾಕಿದ್ದ ಸುಲ್ತಾನ ಎರಡನೆಯ ಮೆಹಮದನು, ಅಡ್ಡ ಬಂದ ಪ್ರದೇಶದ ಮೇಲಿಂದ ಕಲ್ಲುಗುಂಡನ್ನು ಹಾರಿಸಿ ಬಂದರಿನೊಳಗಿನ ಹಡಗುಗಳನ್ನು ಹೊಡೆಯಲು ಇಂಥ ತೋಪನ್ನು ಎರಕಹೊಯ್ಯಿಸಿದನೆಂದು ಸಮಕಾಲೀನ ಗ್ರೀಕ್ ಚರಿತ್ರಕಾರ ಕ್ರಿಟೊಬೌಲೋಸ್ ದಾಖಲಿಸಿದ್ದಾನೆ.

ಆದರೆ ಮಾರ್ಟರನ್ನು ಮಾರ್ಟರನ್ನಾಗಿ ಮಾಡಿದ್ದು ನಳಿಗೆಯಲ್ಲ, ಗುಂಡು. ಮೇಲಿನಿಂದ ಬೀಳುವ ಗಟ್ಟಿ ಕಲ್ಲು ಒಂದು ಮಾಡನ್ನು ಒಡೆಯಬಹುದು, ಅಷ್ಟೇ. ಹದಿನಾರನೆಯ ಶತಮಾನದಲ್ಲಿ ಟೊಳ್ಳು ಕಬ್ಬಿಣದ ಗುಂಡಿನೊಳಗೆ ಮದ್ದು ತುಂಬಿ ಬತ್ತಿಯಿಡುವ ಪದ್ಧತಿ ಯೂರೋಪಿನಲ್ಲಿ ಬಳಕೆಗೆ ಬಂದ ಮೇಲೆ ಚಿತ್ರ ಬದಲಾಯಿತು. ಇಲ್ಲಿಯ 'ಬತ್ತಿ' ದೀಪದ ಬತ್ತಿಯಂಥದಲ್ಲ. ನಿಧಾನವಾಗಿ ಉರಿಯುವ ಮದ್ದಿನ ಮಿಶ್ರಣವನ್ನು ಒಳಗೆ ಒತ್ತಿ ತುಂಬಿದ, ಒಂದು ಕಡೆಗೆ ಸಪೂರವಾದ ಮರದ ಕೊಳವೆ ಅದು. ಗುಂಡು ಎಷ್ಟು ಹೊತ್ತು ಆಕಾಶದಲ್ಲಿರುತ್ತದೆ ಎಂಬುದನ್ನು ಅಂದಾಜು ಮಾಡಿ ಕೊಳವೆಯನ್ನು ಅಷ್ಟಕ್ಕೆ ಕತ್ತರಿಸಿ ಗುಂಡಿನ ಕಣ್ಣಿಗೆ ಬಡಿಯುತ್ತಿದ್ದರು. ಬತ್ತಿ ಗಿಡ್ಡವಾದರೆ ಗುಂಡು ಆಕಾಶದಲ್ಲೇ ಸಿಡಿಯುತ್ತಿತ್ತು. ಉದ್ದವಾದರೆ ನೆಲಕ್ಕೆ ಬಿದ್ದು ಹೊಗೆಯಾಡುತ್ತಿತ್ತು. ಧೈರ್ಯವಂತನೊಬ್ಬ ಓಡಿಬಂದು ಬತ್ತಿಯನ್ನು ನಂದಿಸುವುದಕ್ಕೆ ಅವಕಾಶವಿರುತ್ತಿತ್ತು. ಮೊದಮೊದಲು ಗೋಲಂದಾಜನು ಗುಂಡಿನ ಬತ್ತಿಗೊಮ್ಮೆ, ತೋಪಿನ ಮದ್ದಿಗೊಮ್ಮೆ, ಹೀಗೆ ಎರಡು ಸಲ ಬೆಂಕಿ ಮುಟ್ಟಿಸಬೇಕಿತ್ತು. ಬತ್ತಿ ಹೊತ್ತಿಕೊಂಡು ತೋಪು ಹೊತ್ತದೇ ಹೋದರೆ ಸಾವು ಅವನಿಗೇ. ನಳಿಗೆಯೊಳಗಿನ ಮದ್ದಿನ ಜ್ವಾಲೆಯೇ ಗುಂಡಿನ ಸುತ್ತ ಹಾದು ಬತ್ತಿಯನ್ನು ಹೊತ್ತಿಸುತ್ತದೆಂಬುದು ತಿಳಿದ ಮೇಲೆ ಈ ಅಪಾಯ ತಗ್ಗಿತು.

ಹದಿನೆಂಟನೆಯ ಶತಮಾನದ ಮಾರ್ಟರನ್ನು ಸಾಮಾನ್ಯವಾಗಿ 45 ಡಿಗ್ರಿಗೆ ಕೂರಿಸಿಯೇ ಇಡುತ್ತಿದ್ದರು. ದೂರವನ್ನು ಹೆಚ್ಚು ಕಡಿಮೆ ಮಾಡಲು ಕೋನವನ್ನಲ್ಲ, ಮದ್ದಿನ ಪ್ರಮಾಣವನ್ನು ಬದಲಿಸುತ್ತಿದ್ದರು. 13 ಅಂಗುಲ ಬಾಯಿಯ ದೊಡ್ಡ ಮಾರ್ಟರಿನ ಒಂದೊಂದು ಸಿಡಿಗುಂಡೂ ಸುಮಾರು 90 ಕಿಲೋ ತೂಗುತ್ತಿತ್ತು. ಇದಕ್ಕೆ ಪ್ರತಿಯಾಗಿ ಡಚ್ ಸೇನಾ ಶಿಲ್ಪಿ ಮೆನ್ನೊ ವಾನ್ ಕೂಹೋರ್ನ್ 1670ರ ದಶಕದಲ್ಲಿ ಕೆಲವೇ ಜನ ಹೊತ್ತೊಯ್ಯಬಹುದಾದ ಚಿಕ್ಕ ಮಾರ್ಟರನ್ನು ರೂಪಿಸಿದನು. ಭಾರ ಮತ್ತು ಬತ್ತಿ ಎಂಬ ಈ ಎರಡು ಸಮಸ್ಯೆಗಳೇ ಮುಂದಿನ ಎರಡೂವರೆ ಶತಮಾನಗಳ ಇತಿಹಾಸವನ್ನು ರೂಪಿಸಿದವು.

ಗಿರಿದುರ್ಗಗಳ ನಾಡಿನಲ್ಲಿ

ಭಾರದ ಸಮಸ್ಯೆ ಎಷ್ಟು ಕಠಿಣವೆಂಬುದು ಗೊತ್ತಾದದ್ದು ಮೈಸೂರು ಪ್ರಸ್ಥಭೂಮಿಯಲ್ಲಿ. ಕಾರ್ನ್‌ವಾಲಿಸನ ಸೈನ್ಯ 1791ರ ಫೆಬ್ರವರಿಯಲ್ಲಿ ಮೊಗಿಲಿ ಘಾಟನ್ನು ಹತ್ತಿ ಮೇಲಕ್ಕೆ ಬಂದಿತು. ಘಾಟಿಯಲ್ಲಿ ಎತ್ತುಗಳು ಎಳೆಯಲಾರದ ತೋಪುಗಳನ್ನು ಆನೆಗಳು ಹಿಂದಿನಿಂದ ಹಣೆಯೊತ್ತಿ ತಳ್ಳಬೇಕಾಯಿತು. ಕೋಲಾರ ಮತ್ತು ಹೊಸಕೋಟೆಗಳು ಹೆಚ್ಚಿನ ಪ್ರತಿರೋಧವಿಲ್ಲದೆ ವಶವಾದವು. ಕೋಲಾರಕ್ಕೆ ಇದು ಹೊಸದೇನಲ್ಲ; ಮೊದಲನೆಯ ಮೈಸೂರು ಯುದ್ಧದಲ್ಲಿ, 1768ರಲ್ಲಿಯೂ ಅದು ಇಂಗ್ಲಿಷರ ಕೈಗೆ ಹೋಗಿ ಮರಳಿ ಬಂದಿತ್ತು. ಮಾರ್ಚ್ 7ರಂದು ಬೆಂಗಳೂರಿನ ಪೇಟೆಯೂ 21ರ ರಾತ್ರಿ ಕೋಟೆಯೂ ಬಿದ್ದವು. ಕಿಲ್ಲೇದಾರ ಬಹಾದ್ದೂರ್ ಖಾನ್ ಹೋರಾಡುತ್ತಲೇ ಮಡಿದನು.

ಈ ಮುತ್ತಿಗೆಗಳಲ್ಲಿ ಕೋಟೆಯ ಗೋಡೆಯನ್ನು ಒಡೆದು ಕಂಡಿ ಮಾಡಿದ್ದು ನೇರ ಹೊಡೆತದ ಭಾರಿ ತೋಪುಗಳು. ಅಂದಿನ ಮುತ್ತಿಗೆಯ ಶಾಸ್ತ್ರದಲ್ಲಿ ಮಾರ್ಟರಿನ ಪಾತ್ರ ಬೇರೆ: ಒಳಗಿನ ಮನೆಗಳಿಗೆ ಬೆಂಕಿ ಹತ್ತಿಸುವುದು, ಹಗಲು ಬಿದ್ದ ಕಂಡಿಯನ್ನು ಒಳಗಿನವರು ರಾತ್ರಿಯಲ್ಲಿ ಮುಚ್ಚದಂತೆ ತಡೆಯುವುದು, ನಿದ್ದೆಗೆಡಿಸಿ ಧೈರ್ಯಗೆಡಿಸುವುದು. ಬಯಲಿನ ಕೋಟೆಗೆ ಇದು ಸಾಕು. ಗಿರಿದುರ್ಗದಲ್ಲಿ ಮುತ್ತಿಗೆಗಾರ ಕೆಳಗೆ, ಕೋಟೆ ಮುಗಿಲಲ್ಲಿ. ಅಲ್ಲಿ ತೋಪನ್ನು ಗೋಡೆಯ ಬಳಿಗೆ ಒಯ್ಯುವುದೇ ಯುದ್ಧದ ಮುಕ್ಕಾಲು ಪಾಲು.

ಅದಕ್ಕೆ ಉತ್ತಮ ನಿದರ್ಶನ ನಂದಿದುರ್ಗ. ಮೂರು ಕಡೆ ಕಡಿದಾದ ಬಂಡೆ, ಒಂದು ಕಡೆ ಮಾತ್ರ ಏರಬಹುದಾದ ಇಳಿಜಾರು, ಆ ಕಡೆಗೆ ಎರಡು ಸುತ್ತಿನ ಗೋಡೆ. ಮೇಜರ್ ಗೌಡಿಯ ಪಡೆ 1791ರ ಸೆಪ್ಟೆಂಬರಿನಲ್ಲಿ ಬೆಟ್ಟದ ಬುಡಕ್ಕೆ ಬಂದು, ಇಳಿಜಾರಿನಲ್ಲಿ ದಾರಿ ಕಡಿದು, ತೋಪುಗಳನ್ನು ಮೇಲಕ್ಕೆ ಸಾಗಿಸಿತು. ಗೋಡೆಯಲ್ಲಿ ಕಂಡಿಗಳು ಬಿದ್ದ ಮೇಲೆ ಅಕ್ಟೋಬರ್ 18ರ ರಾತ್ರಿ ಜನರಲ್ ಮೆಡೋಸನ ಸಮ್ಮುಖದಲ್ಲಿ ಲಗ್ಗೆಯಾಯಿತು. ಮೇಲೇರುತ್ತಿದ್ದವರಿಗೆ ಹೆಚ್ಚಿನ ಪೆಟ್ಟುಬಿದ್ದದ್ದು ಕೋಟೆಯವರು ಉರುಳಿಸಿದ ಬಂಡೆಗಳಿಂದ. ಮೇಲಿರುವವನಿಗೆ ಭೂಮಿಯ ಆಕರ್ಷಣೆಯೇ ಮದ್ದು. ಅವನಿಗೆ ಮಾರ್ಟರ್ ಬೇಕಿಲ್ಲ. ಲಗ್ಗೆಗೆ ಮುನ್ನ ಸಾಲಿನಲ್ಲಿ ಯಾರೋ, ಮುಂದೆ ಮದ್ದು ತುಂಬಿದ ಸುರಂಗವಿದೆಯಂತೆ ಎಂದು ಪಿಸುಗುಟ್ಟಿದರೆಂದೂ, ಇದ್ದರೆ ಅದು ಚಿನ್ನದ ಗಣಿಯೇ ಇರಬೇಕೆಂದು ಮೆಡೋಸ್ ಉತ್ತರಿಸಿದನೆಂದೂ ಒಂದು ಐತಿಹ್ಯ ಇಂಗ್ಲಿಷರಲ್ಲಿ ಪ್ರಚಲಿತವಾಗಿತ್ತು. ಇಂಗ್ಲಿಷಿನಲ್ಲಿ ಸುರಂಗಕ್ಕೂ ಗಣಿಗೂ ಒಂದೇ ಪದವಿರುವುದರಿಂದ ಹುಟ್ಟಿದ ಚಾಟೂಕ್ತಿ ಇದು. ನೂರು ವರ್ಷ ತುಂಬುವ ಹೊತ್ತಿಗೆ ಕೋಲಾರದ ಚಿನ್ನದ ನೆಲದಲ್ಲಿ 'ನಂದಿದುರ್ಗ' ಎಂಬ ಹೆಸರಿನ ಗಣಿಯೇ ತೆರೆದಿತ್ತು.

ಭಾರಿ ತೋಪುಗಳನ್ನು ನಂಬಿದ ಸೈನ್ಯದ ದೌರ್ಬಲ್ಯವೂ ಅದೇ ವರ್ಷ ಬಯಲಾಗಿತ್ತು. 1791ರ ಮೇ ತಿಂಗಳಲ್ಲಿ ಅರಕೆರೆಯ ಕಾಳಗದಲ್ಲಿ ಗೆದ್ದರೂ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣವನ್ನು ಮುಟ್ಟಲಾರದೆ ಹಿಂದಿರುಗಬೇಕಾಯಿತು. ಮಳೆ, ಮೇವಿನ ಕೊರತೆ, ರೋಗಗಳಿಂದ ಎತ್ತುಗಳು ಸತ್ತುಬಿದ್ದಿದ್ದವು. ಎಳೆಯುವವರಿಲ್ಲದ ಮುತ್ತಿಗೆಯ ತೋಪುಗಳನ್ನು ಅವನೇ ಒಡೆಸಿ ಬಿಟ್ಟುಹೋದನು.

ಬಾಣದ ಉತ್ತರ

ಗೋಡೆಯಾಚೆಗೆ, ತಲೆಯ ಮೇಲಿಂದ ಬೆಂಕಿಯನ್ನು ಸಾಗಿಸುವ ಇದೇ ಕೆಲಸಕ್ಕೆ ಮೈಸೂರು ಕಂಡುಕೊಂಡ ಉತ್ತರ ಬಾಣ. ಹೈದರನ ತಂದೆ ಫತೇ ಮಹಮ್ಮದ್ ಬೂದಿಕೋಟೆಯ ಜಹಗೀರುದಾರನಾಗುವ ಮುನ್ನ ಆರ್ಕಾಟಿನ ನವಾಬನಲ್ಲಿ ಐವತ್ತು ಜನ ಬಾಣದಾರರ ನಾಯಕನಾಗಿದ್ದನೆಂದು ಹೇಳಲಾಗುತ್ತದೆ. ಅವನ ಸಮಾಧಿಯಿರುವ ಮಕ್ಬರಾ ಕೋಲಾರ ಪಟ್ಟಣದಲ್ಲಿದೆ. ಅಂದಿನ ಬಾಣಗಳಿಗೆ ಬಿದಿರಿನ ಅಥವಾ ಕಾಗದದ ಕೊಳವೆ. ಹೈದರ್ ಮತ್ತು ಟಿಪ್ಪು ಅದನ್ನು ಕಬ್ಬಿಣಕ್ಕೆ ಬದಲಿಸಿದರು. ಕಬ್ಬಿಣದ ಕೊಳವೆ ಹೆಚ್ಚಿನ ಒತ್ತಡವನ್ನು ತಾಳುವುದರಿಂದ ಮದ್ದನ್ನು ಗಟ್ಟಿಯಾಗಿ ಒತ್ತಿ ತುಂಬಬಹುದು. ಗಟ್ಟಿಯಾಗಿ ತುಂಬಿದ ಮದ್ದು ಬಾಣವನ್ನು ಹೆಚ್ಚು ದೂರ ಒಯ್ಯುತ್ತದೆ. ಸಮತೋಲಕ್ಕೆ ಉದ್ದನೆಯ ಬಿದಿರ ಗಳುವನ್ನೋ ಕೆಲವೊಮ್ಮೆ ಕತ್ತಿಯ ಅಲಗನ್ನೋ ಕಟ್ಟುತ್ತಿದ್ದರು. ದೂರಕ್ಕೆ ತಕ್ಕ ಕೋನವನ್ನು ಆರಿಸುವ ತರಬೇತಿ ಬಾಣದಾರರಿಗೆ ಸಿಗುತ್ತಿತ್ತು. ಟಿಪ್ಪುವಿನ ಸೇನಾನಿಯಮಗಳ ಗ್ರಂಥ 'ಫತ್‌ಹುಲ್ ಮುಜಾಹಿದೀನ್' ಸೈನ್ಯದ ದಳಗಳಲ್ಲಿ ಬಾಣದಾರರಿಗೆ ನಿಶ್ಚಿತ ಸ್ಥಾನವನ್ನು ಕೊಟ್ಟಿತ್ತು. ಬಾಣ ತಯಾರಿಸುವ ಕೇಂದ್ರಗಳಿಗೆ ತಾರಾಮಂಡಲಪೇಟೆ ಎಂಬ ಹೆಸರಿತ್ತು. ಬೆಂಗಳೂರಿನ ಹಳೆಯ ಪೇಟೆಯಲ್ಲಿ ಆ ಹೆಸರು ಇಂದಿಗೂ ಇದೆ.

ಮಾರ್ಟರಿಗೂ ಬಾಣಕ್ಕೂ ಇರುವ ಮೂಲಭೂತ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಮಾರ್ಟರಿನಲ್ಲಿ ಮದ್ದು ಉರಿಯುವುದು ನಳಿಗೆಯೊಳಗೆ. ಆ ಹೊಡೆತವನ್ನು ತಾಳಲು ನಳಿಗೆ ಭಾರವಾಗಿರಲೇಬೇಕು. ಬಾಣ ತನ್ನ ಮದ್ದನ್ನು ತಾನೇ ಹೊತ್ತು ಹಾರುವುದರಿಂದ ನಳಿಗೆಯೇ ಬೇಡ, ಎಳೆಯಲು ಎತ್ತುಗಳೂ ಬೇಡ. ಒಬ್ಬ ಆಳು ಹಲವು ಬಾಣಗಳನ್ನು ಹೊತ್ತು ಬಂಡೆಯ ಸಂದಿಯಲ್ಲಿ, ತೋಪಿನ ನಡುವೆ, ರಾತ್ರಿಯಲ್ಲಿ ನಡೆದುಹೋಗಬಲ್ಲ. ಇದಕ್ಕೆ ತೆತ್ತ ಬೆಲೆ ನಿಖರತೆ. ಒಂದು ಬಾಣ ಎಲ್ಲಿ ಬೀಳುತ್ತದೆಂದು ಹೇಳಲಾಗದು. ನೂರು ಬಾಣ ಬಿಟ್ಟರೆ ಶತ್ರುವಿನ ಸಾಲು ಕದಡುತ್ತದೆಂದು ಹೇಳಬಹುದು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ತೋಪಿನ ಕತ್ತಲಲ್ಲಿ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಡೆ ಬಾಣಗಳಿಗೂ ಕೋವಿಗಳಿಗೂ ಸಿಲುಕಿ ಚದುರಿಹೋದುದು ಇದರ ಪ್ರಸಿದ್ಧ ಉದಾಹರಣೆ. ಅದೇ ಮುತ್ತಿಗೆಯಲ್ಲಿ ಮೇ 2ರಂದು ಇಂಗ್ಲಿಷರ ಗುಂಡೊಂದು ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ಬಿದ್ದು ಭಾರಿ ಸ್ಫೋಟವಾಯಿತು. ಎರಡು ದಿನಗಳ ನಂತರ ಪಟ್ಟಣ ಬಿದ್ದಿತು.

ಟಿಪ್ಪುವಿನಲ್ಲಿ ಮಾರ್ಟರುಗಳಿರಲಿಲ್ಲವೆಂದಲ್ಲ. ಶ್ರೀರಂಗಪಟ್ಟಣದಲ್ಲಿ ಇಂಗ್ಲಿಷರಿಗೆ ಸಿಕ್ಕ ಒಂಬೈನೂರಕ್ಕೂ ಹೆಚ್ಚಿನ ತೋಪುಗಳಲ್ಲಿ ಮಾರ್ಟರುಗಳೂ ಇದ್ದವು. ಕುಳಿತ ಹುಲಿಯ ಆಕಾರದಲ್ಲಿ ಎರಕಹೊಯ್ದ, ಬಾಯಿಯಿಂದ ಗುಂಡನ್ನು ಉಗುಳುವ ಕಂಚಿನ ಮಾರ್ಟರುಗಳು ಅವನ ಕಾರ್ಖಾನೆಯ ಕಲಾಕೌಶಲವನ್ನು ತೋರಿಸುತ್ತವೆ. ಆದರೂ ಮೈಸೂರಿನ ಹೆಸರನ್ನು ಲೋಕಕ್ಕೆ ಮುಟ್ಟಿಸಿದ್ದು ಹುಲಿಮುಖದ ಕಂಚಲ್ಲ, ಕಬ್ಬಿಣದ ಕೊಳವೆ. ಶಿವಮೊಗ್ಗ ಜಿಲ್ಲೆಯ ನಗರದ ಪಾಳುಬಾವಿಯೊಂದರಲ್ಲಿ, ಮಣ್ಣಿಗಿದ್ದ ಮದ್ದಿನ ವಾಸನೆಯ ಜಾಡು ಹಿಡಿದು 2018ರಲ್ಲಿ ರಾಜ್ಯ ಪುರಾತತ್ವ ಇಲಾಖೆಯವರು ಅಗೆದಾಗ ಸಾವಿರಕ್ಕೂ ಹೆಚ್ಚು ಬಾಣಗಳು ದೊರೆತವು. ರೊದ್ದಂ ನರಸಿಂಹ ಅವರಂಥ ವಿಜ್ಞಾನಿಗಳು ಮೈಸೂರಿನ ಬಾಣಗಳ ತಾಂತ್ರಿಕ ಮಹತ್ವವನ್ನು ಮೊದಲೇ ವಿವರಿಸಿದ್ದಾರೆ.

ಈ ಬಾಣವನ್ನು ಇಂದಿನ ಕ್ಷಿಪಣಿಯ ಮೂಲಪುರುಷನೆಂದು ಹೊಗಳುವುದು ರೂಢಿಯಾಗಿದೆ. ಹೊಗಳಿಕೆ ಸುಳ್ಳಲ್ಲ, ಆದರೆ ಅದು ಅರ್ಧ ಸತ್ಯ. ಬಾಣ ತನ್ನ ಕಾಲದಲ್ಲಿ ಯಾವ ಪ್ರಶ್ನೆಗೆ ಉತ್ತರವಾಗಿತ್ತು ಎಂಬುದನ್ನು ಕೇಳದೆ, ಎರಡು ಶತಮಾನಗಳ ನಂತರದ ಕ್ಷಿಪಣಿಯಿಂದ ಅದನ್ನು ಅಳೆಯುವುದು ಚರಿತ್ರೆಯ ಓದಾಗಲಾರದು. ಅದು ತೋಪಿನ ಭಾರ ಮತ್ತು ಎತ್ತಿನ ಸಾವಿನ ಪ್ರಶ್ನೆಗೆ ಗಿರಿದುರ್ಗಗಳ ನಾಡು ಕೊಟ್ಟ ಉತ್ತರ. ಯುದ್ಧದಲ್ಲಿ ಅದರ ನಿಜವಾದ ಬಂಧು ಕ್ಷಿಪಣಿಯಲ್ಲ, ಕಾಲಾಳು ಹೊತ್ತೊಯ್ಯುವ ಮಾರ್ಟರ್. ಆದರೆ ಅಂಥ ಮಾರ್ಟರ್ ವ್ಯಾಪಕವಾಗಿ ಬಳಕೆಗೆ ಬರುವುದಕ್ಕೆ ಇನ್ನೂ ನೂರು ವರ್ಷ ಬೇಕಿತ್ತು.

ಈ ನಡುವೆ ಮೈಸೂರಿನ ಬಾಣ ಇಂಗ್ಲೆಂಡಿಗೆ ಹೋಯಿತು. ವಿಲಿಯಂ ಕಾಂಗ್ರೀವ್ ಅದನ್ನು ಅಭ್ಯಾಸ ಮಾಡಿ 1805ರ ಹೊತ್ತಿಗೆ ತನ್ನದೇ ರಾಕೆಟ್ಟನ್ನು ಸಿದ್ಧಪಡಿಸಿದನು. 1807ರ ಸೆಪ್ಟೆಂಬರಿನಲ್ಲಿ ಇಂಗ್ಲಿಷರು ಕೋಪನ್‌ಹೇಗನ್ ನಗರದ ಮೇಲೆ ಹಲವು ರಾತ್ರಿಗಳ ಕಾಲ ಮಾರ್ಟರಿನ ಸಿಡಿಗುಂಡುಗಳನ್ನೂ ಕಾಂಗ್ರೀವನ ರಾಕೆಟ್ಟುಗಳನ್ನೂ ಒಟ್ಟಿಗೆ ಸುರಿದರು. ನಗರ ಹೊತ್ತಿ ಉರಿಯಿತು. ಸತ್ತವರಲ್ಲಿ ಸಾಮಾನ್ಯ ನಾಗರಿಕರೇ ಬಹಳ. ಆ ದಂಡಯಾತ್ರೆಯಲ್ಲಿ ವೆಲ್ಲೆಸ್ಲಿಯೂ ಇದ್ದನು. ಸುಲ್ತಾನ್‌ಪೇಟೆಯ ಕತ್ತಲಲ್ಲಿ ಸೈನಿಕರ ಮೇಲೆ ಬಿದ್ದ ಬೆಂಕಿ ಎಂಟೇ ವರ್ಷಗಳಲ್ಲಿ ರೂಪ ಬದಲಿಸಿ, ಮಾರ್ಟರಿನ ಜತೆಗೂಡಿ, ಮಲಗಿದ್ದವರ ಮಾಡಿನ ಮೇಲೆ ಬಿದ್ದಿತ್ತು.

ಗಣಿಯ ಬತ್ತಿ

ಶ್ರೀರಂಗಪಟ್ಟಣದ ಪತನದ ನಂತರ ಮೈಸೂರಿನ ಪೂರ್ವದ ಗಡಿಯನ್ನು ಅಳೆಯಲು ಬಂದವನು ವೆಲ್ಲೆಸ್ಲಿಯದೇ ರೆಜಿಮೆಂಟಾದ 33ನೆಯ ಕಾಲಾಳು ಪಡೆಯ ಲೆಫ್ಟಿನೆಂಟ್ ಜಾನ್ ವಾರನ್. ಊರಿಗಾಂ, ಮಾರಿಕುಪ್ಪಂ ಸುತ್ತಿನ ಹಳ್ಳಿಗರು ಮಣ್ಣನ್ನು ತೊಳೆದು ಚಿನ್ನ ತೆಗೆಯುವುದನ್ನು 1802ರಲ್ಲಿ ಅವನು ಕಂಡು ವರದಿ ಬರೆದನು. 1870ರ ದಶಕದಲ್ಲಿ ಆ ವರದಿಯ ಬೆನ್ನುಹತ್ತಿ ಗಣಿಯ ಪರವಾನಗಿ ಪಡೆದ ಲವೆಲ್ ಕೂಡ ನ್ಯೂಜಿಲೆಂಡಿನ ಮಾವೊರಿ ಯುದ್ಧದಿಂದ ಮರಳಿದ ಸೈನಿಕನೇ. 1880ರ ದಶಕದಿಂದ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಗಣಿಗಳು ಆಳಕ್ಕಿಳಿದವು. ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಡೊನಾಲ್ಡ್ ರಾಬರ್ಟ್‌ಸನ್ನನ ಹೆಸರಿನ ಪೇಟೆ ಗಣಿಗಳ ಮಗ್ಗುಲಲ್ಲಿ ಬೆಳೆಯಿತು.

ಮದ್ದಿನ ಇತಿಹಾಸದಲ್ಲಿ ಗಣಿ ಮತ್ತು ಯುದ್ಧ ಒಂದೇ ಮನೆಯ ಎರಡು ಕೋಣೆಗಳು. ಸೇನೆಯ 'ಸ್ಯಾಪರ್ಸ್ ಅಂಡ್ ಮೈನರ್ಸ್' ಎಂಬ ಹೆಸರಿನಲ್ಲೇ ಗಣಿ ತೋಡುವವನಿದ್ದಾನೆ. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಅಂಡ್ ಮೈನರ್ಸ್ ಪಡೆಯ ಕ್ಯಾಪ್ಟನ್ ಮೆಕ್‌ಕ್ಲಿಂಟಾಕ್ 1912ರಲ್ಲಿ ರೂಪಿಸಿದ, ಕೊಳವೆಯೊಳಗೆ ಸ್ಫೋಟಕ ತುಂಬಿ ಮುಳ್ಳುತಂತಿಯ ಬೇಲಿಯಡಿ ತಳ್ಳುವ ಸಾಧನ 'ಬೆಂಗಳೂರು ಟಾರ್ಪಿಡೊ' ಎಂದೇ ಜಗತ್ತಿನ ಸೇನೆಗಳಲ್ಲಿ ಹೆಸರಾಯಿತು. ಎರಡು ಮಹಾಯುದ್ಧಗಳಲ್ಲೂ ಅದು ಬಳಕೆಯಾಯಿತು.

ಆದರೆ ಗಣಿಯ ಬತ್ತಿಗೂ ಮಾರ್ಟರಿನ ಬತ್ತಿಗೂ ಉದ್ದೇಶ ವಿರುದ್ಧ. ಇಂಗ್ಲೆಂಡಿನ ಕಾರ್ನ್‌ವಾಲಿನ ಗಣಿಗಳಲ್ಲಿ ಹುಲ್ಲುಕಡ್ಡಿಯಲ್ಲೋ ಹಕ್ಕಿಯ ಗರಿಯಲ್ಲೋ ಮದ್ದು ತುಂಬಿ ಬಂಡೆಯ ತೂತಿಗೆ ಬೆಂಕಿ ಮುಟ್ಟಿಸುತ್ತಿದ್ದ ಕಾಲದಲ್ಲಿ, ಅದು ಬೇಗ ಉರಿದೋ ತಡವಾಗಿ ಉರಿದೋ ಅನೇಕರು ಸಾಯುತ್ತಿದ್ದರು. ಅಲ್ಲಿಯೇ ನೆಲೆಸಿದ್ದ ಚರ್ಮದ ವ್ಯಾಪಾರಿ ವಿಲಿಯಂ ಬಿಕ್‌ಫರ್ಡ್ 1831ರಲ್ಲಿ ಸೆಣಬಿನ ನೂಲಿನ ನಡುವೆ ಮದ್ದಿನ ಸಣ್ಣ ಎಳೆಯನ್ನು ಹೆಣೆದು, ಹೊರಗೆ ಟಾರು ಬಳಿದು, ಸಮನಾದ ವೇಗದಲ್ಲಿ ಉರಿಯುವ ಸುರಕ್ಷಾ ಬತ್ತಿಯನ್ನು ತಯಾರಿಸಿದನು. ಬತ್ತಿಯ ಉದ್ದವನ್ನು ಅಳೆದರೆ ಕಾಲವನ್ನು ಅಳೆದಂತಾಯಿತು. ಕಾರ್ನ್‌ವಾಲಿನ ಗಣಿಗಾರರು ಕೋಲಾರದ ಗಣಿಗಳಿಗೆ ಬಂದಾಗ ಅವರ ಸಿಡಿತದ ವಿದ್ಯೆಯೂ ಜತೆಗೆ ಬಂದಿತು. 1867ರಲ್ಲಿ ಆಲ್‌ಫ್ರೆಡ್ ನೊಬೆಲ್ ಪೇಟೆಂಟ್ ಪಡೆದಿದ್ದ ಡೈನಮೈಟ್ ಆ ವೇಳೆಗೆ ಗಣಿಯ ಲೋಕವನ್ನೇ ಬದಲಿಸಿತ್ತು. ಬಂಡೆಯ ತೂತಿಗೆ ಸ್ಫೋಟಕ ತುಂಬಿದವನು ಬತ್ತಿ ಹೊತ್ತಿಸಿ, ಅದು ಉರಿಯುವಷ್ಟರಲ್ಲಿ ದೂರ ಸರಿಯುತ್ತಾನೆ. ಬತ್ತಿಯ ಒಂದೊಂದು ಗೇಣೂ ಅವನ ಪ್ರಾಣಕ್ಕೆ ಕೊಟ್ಟ ಕಾಲಾವಕಾಶ. ಮಾರ್ಟರಿನ ಬತ್ತಿಯೂ ಕಾಲವನ್ನೇ ಅಳೆಯುತ್ತದೆ. ಆದರೆ ಅದು ಅಳೆಯುವುದು ಮನುಷ್ಯರ ಬಳಿ ಹೋಗಿ ಮುಟ್ಟುವ ಹೊತ್ತನ್ನು.

ಸ್ಫೋಟಕವನ್ನು ಬಳಸುವವನು ಸ್ಫೋಟದ ಸ್ಥಳವನ್ನು ಬಲ್ಲವನಾಗಿರುವುದು ಗಣಿಯ ವಿದ್ಯೆಯ ತಿರುಳು. 3 ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್‌ನಲ್ಲಿ ಬಂಡೆಗಳು ಒತ್ತಡಕ್ಕೆ ತಾವಾಗಿಯೇ ಸಿಡಿಯುತ್ತಿದ್ದುದರಿಂದ ಅಲ್ಲಿ ಆ ಎಚ್ಚರ ಇಮ್ಮಡಿಯಾಗಿರಬೇಕಿತ್ತು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದರೂ, ಬಂಡೆಯ ಸಿಡಿತವನ್ನು ಅಭ್ಯಾಸ ಮಾಡಲು ಕೆ.ಜಿ.ಎಫ್.ನಲ್ಲಿ ನೆಲೆಗೊಂಡ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಆ ಎಚ್ಚರದಿಂದಲೇ ಹುಟ್ಟಿದ ಶಾಸ್ತ್ರಕ್ಕೆ ಸಾಕ್ಷಿ.

ಹಗುರಾದ ಒರಳು

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದೂರಗಾಮಿ ತೋಪುಗಳು ಬಂದಾಗ ಮಾರ್ಟರಿನ ಕಾಲ ಮುಗಿಯಿತೆಂದೇ ಹಲವರು ಭಾವಿಸಿದ್ದರು. 1904–05ರ ಪೋರ್ಟ್ ಆರ್ಥರ್ ಮುತ್ತಿಗೆಯಲ್ಲಿ ಜಪಾನೀಯರೂ ರಷ್ಯನ್ನರೂ ಹತ್ತಿರದ ಕಂದಕಗಳಿಂದ ಪರಸ್ಪರ ಸಿಡಿಗುಂಡು ಎಸೆಯಲು ಕೈಗೆ ಸಿಕ್ಕ ಸಾಧನಗಳನ್ನು ಬಳಸಿದರು. ಇದರಿಂದ ಪಾಠ ಕಲಿತ ಜರ್ಮನರು 'ಮಿನೆನ್‌ವೆರ್ಫರ್' ಎಂಬ ಮಾರ್ಟರನ್ನು ಸಿದ್ಧಪಡಿಸಿಕೊಂಡರು. 1914ರಲ್ಲಿ ಎರಡು ಸೈನ್ಯಗಳು ಎದುರುಬದುರು ನೆಲ ತೋಡಿ ಕುಳಿತಾಗ ನೇರ ಹೊಡೆತದ ಗುಂಡು ತಲೆಯ ಮೇಲೆ ಹಾರಿಹೋಗತೊಡಗಿತು. ಯುದ್ಧಭೂಮಿಯೇ ಒಂದು ಕೋಟೆಯಾಯಿತು. ಒರಳು ಮತ್ತೆ ಬೇಕಾಯಿತು.

ಅದಕ್ಕೆ ಹೊಸ ರೂಪ ಕೊಟ್ಟವನು ಸೈನಿಕನಲ್ಲ. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ಕ್ರೇನ್ ಮುಂತಾದ ಯಂತ್ರಗಳನ್ನು ತಯಾರಿಸುವ ಕಾರ್ಖಾನೆಯ ಮುಖ್ಯಸ್ಥನಾಗಿದ್ದ ವಿಲ್‌ಫ್ರೆಡ್ ಸ್ಟೋಕ್ಸ್ 1915ರ ಜನವರಿಯಲ್ಲಿ ಇದರ ವಿನ್ಯಾಸ ಮಾಡಿದನು. ಒಂದು ನುಣುಪು ಕೊಳವೆ, ಅದರ ಅಡಿಗೆ ನೆಲಕ್ಕೊತ್ತುವ ತಟ್ಟೆ, ಮುಂದೆ ಎರಡು ಕಾಲು. ಕೊಳವೆಯ ತಳದಲ್ಲಿ ಒಂದು ಮೊಳೆ. ಗುಂಡನ್ನು ಬಾಯಿಯಿಂದ ಒಳಗೆ ಬಿಟ್ಟರೆ ಅದು ಜಾರಿ ತಳಕ್ಕೆ ಬಿದ್ದು, ಬುಡದಲ್ಲಿರುವ ತೋಟಾ ಮೊಳೆಗೆ ತಾಗಿ ಹೊತ್ತಿಕೊಂಡು, ಅದೇ ಬಾಯಿಂದ ಹಾರಿಹೋಗುತ್ತದೆ. ಇಡೀ ಆಯುಧದ ತೂಕ 50 ಕಿಲೋಗಿಂತ ಕಡಿಮೆ. ಬಿಡಿಸಿದರೆ ಮೂವರ ಹೊರೆ. ನಿಮಿಷಕ್ಕೆ 20ಕ್ಕೂ ಹೆಚ್ಚು ಗುಂಡು. ಮೈಸೂರಿನ ಬಾಣದ ಗುಣಗಳಾಗಿದ್ದ ಹಗುರತನ, ಅಗ್ಗದ ತಯಾರಿಕೆ, ಕಾಲಾಳಿನ ಕೈಗೆ ಒದಗುವಿಕೆ, ಸಂಖ್ಯೆಯ ಬಲ, ಇವು ನಾಲ್ಕೂ ಈಗ ಮಾರ್ಟರಿಗೆ ಬಂದವು.

ಗುಂಡಿನ ಸಮಸ್ಯೆ ಉಳಿದಿತ್ತು. ಸ್ಟೋಕ್ಸನ ಗುಂಡು ಉರುಳೆಯಾಕಾರದ್ದು. ಗಾಳಿಯಲ್ಲಿ ಲಾಗ ಹಾಕುತ್ತ ಹೋಗುತ್ತಿದ್ದುದರಿಂದ ಅದರ ಯಾವ ತುದಿ ಮೊದಲು ನೆಲ ಮುಟ್ಟುವುದೆಂದು ತಿಳಿಯುತ್ತಿರಲಿಲ್ಲ. ಹಾಗಾಗಿ ಮೊದಲಿಗೆ ಹಳೆಯ ಕಾಲದಂತೆ ಹೊತ್ತನ್ನು ಅಳೆಯುವ ಬತ್ತಿಯನ್ನೇ ನೆಚ್ಚಬೇಕಾಯಿತು. ಪರಿಹಾರ ಕಂಡುಹಿಡಿದವನು ಫ್ರಾನ್ಸಿನ ಎಡ್ಗರ್ ಬ್ರಾಂಟ್. ಅಲಂಕಾರದ ಲೋಹಶಿಲ್ಪದಲ್ಲಿ ಹೆಸರಾಂತ ಕಲಾವಿದನಾಗಿದ್ದ ಈತ ನೀರಹನಿಯ ಆಕಾರದ, ಬಾಲದಲ್ಲಿ ರೆಕ್ಕೆಗಳಿರುವ ಗುಂಡನ್ನು ರೂಪಿಸಿದನು. ರೆಕ್ಕೆಗಳ ಕಾರಣ ಗುಂಡಿನ ಮೂತಿಯೇ ಮೊದಲು ನೆಲಕ್ಕೆ ತಾಗುತ್ತದೆ. ಮೂತಿಯಲ್ಲಿ ತಾಕಿದೊಡನೆ ಸಿಡಿಯುವ ಕೀಲಿಯನ್ನಿಡಬಹುದು. ಬಾಲದ ಸುತ್ತ ಮದ್ದಿನ ಸಣ್ಣ ಚೀಲಗಳನ್ನು ಸೇರಿಸಿಯೋ ತೆಗೆದೋ ದೂರವನ್ನು ಬದಲಿಸಬಹುದು. ಸ್ಟೋಕ್ಸನ ಗುಂಡು ಮುಕ್ಕಾಲು ಕಿಲೋಮೀಟರು ಹೋಗಲು ತಿಣುಕುತ್ತಿದ್ದರೆ ಬ್ರಾಂಟನ 81 ಮಿ.ಮೀ. ಮಾರ್ಟರಿನ ಗುಂಡು ಅದರ ಹಲವು ಪಟ್ಟು ದೂರ ಹೋಯಿತು. ಇಂದು ಭಾರತದ ಕಾಲಾಳು ಪಡೆಯಲ್ಲಿರುವ 51, 81 ಮಿ.ಮೀ. ಮಾರ್ಟರುಗಳೂ ಅವುಗಳಿಗಿಂತ ದೊಡ್ಡದಾದ 120 ಮಿ.ಮೀ. ಮಾರ್ಟರೂ ಮೂಲತಃ ಇದೇ ಪರಂಪರೆಗೆ ಸೇರಿದವು.

ಬಾಣದ ಪರಂಪರೆಯೂ ನಿಂತಿಲ್ಲ. 1999ರ ಕಾರ್ಗಿಲ್ ಯುದ್ಧದಲ್ಲಿ ಪರೀಕ್ಷೆಗೊಳಗಾದ 'ಪಿನಾಕ' ರಾಕೆಟ್ ವ್ಯವಸ್ಥೆಗೆ ವಾಹನ ಒದಗಿಸಿದ್ದು ಬೆಮೆಲ್. ಬೂದಿಕೋಟೆಗೆ ಹೆಚ್ಚು ದೂರವಿಲ್ಲದ ಕೆ.ಜಿ.ಎಫ್. ಆ ಸಂಸ್ಥೆಯ ಹಳೆಯ ನೆಲೆಗಳಲ್ಲಿ ಒಂದು.

ದೃಷ್ಟಿ ಮತ್ತು ಯುದ್ಧ

ಮಾರ್ಟರ್ ಹಗುರಾದುದರ ಜತೆಗೇ ಇನ್ನೊಂದು ಬದಲಾವಣೆ ಸಂಭವಿಸಿತು. ಇಂದಿನ ಮಾರ್ಟರ್ ದಳ ಗುಡ್ಡದ ಹಿಂದೆ, ತಗ್ಗಿನಲ್ಲಿ ಕುಳಿತಿರುತ್ತದೆ. ಗುರಿಯನ್ನು ನೋಡುವವನು ಮುಂದೆಲ್ಲೋ ಇದ್ದು ದೂರವಾಣಿಯಲ್ಲೋ ರೇಡಿಯೊದಲ್ಲೋ ಅಂಕಿಗಳನ್ನು ಹೇಳುತ್ತಾನೆ. ನೋಡುವವನು ಹೊಡೆಯುವುದಿಲ್ಲ, ಹೊಡೆಯುವವನು ನೋಡುವುದಿಲ್ಲ. ಬೆಂಗಳೂರಿನ ಕೋಟೆಯನ್ನು ಒಡೆದ ಗೋಲಂದಾಜನಿಗೆ ಗೋಡೆಯಾದರೂ ಕಾಣುತ್ತಿತ್ತು. ಇಂದಿನವನಿಗೆ ಕಾಣುವುದು ಕೋನಮಾಪಕದ ಗೆರೆ ಮಾತ್ರ. ಸಿಡಿಯದೆ ಉಳಿದ ಗುಂಡು ಹೊಲದ ಮಣ್ಣಿನಲ್ಲಿ ಹೂತು, ಯುದ್ಧ ಮುಗಿದ ವರ್ಷಗಳ ಮೇಲೆ ನೇಗಿಲಿಗೋ ಆಡುವ ಮಗುವಿನ ಕೈಗೋ ಸಿಕ್ಕಿದರೆ, ಆ ಸಾವಿನ ಹೊಣೆಗಾರನಿಗೆ ಮುಖವೇ ಇರುವುದಿಲ್ಲ.

ಜೈನ ಆಚಾರಶಾಸ್ತ್ರ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಆಕ್ರಮಣವನ್ನು ಎದುರಿಸುವಾಗ ಆಗುವ ವಿರೋಧೀ ಹಿಂಸೆಯನ್ನು ಗೃಹಸ್ಥನಿಗೆ ಅನಿವಾರ್ಯವೆಂದು ಒಪ್ಪಿದ ಶಾಸ್ತ್ರವಿದು; ಗಂಗರ ಸೇನಾಪತಿಗಳು ಜಿನಭಕ್ತರಾಗಿದ್ದುದು ಈ ಒಪ್ಪಿಗೆಯ ನೆಲೆಯಲ್ಲಿಯೇ. ಆದರೆ ಅದೇ ಶಾಸ್ತ್ರ, 'ತತ್ತ್ವಾರ್ಥಸೂತ್ರ'ದಲ್ಲಿ, ಪ್ರಮಾದದಿಂದ ಪ್ರಾಣಹರಣವಾಗುವುದನ್ನೇ ಹಿಂಸೆಯ ಲಕ್ಷಣವೆಂದು ಹೇಳುತ್ತದೆ. ಪ್ರಮಾದವೆಂದರೆ ಎಚ್ಚರದ ಅಭಾವ. ಮುನಿಯು ನಡೆಯುವಾಗ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡೇ ಹೆಜ್ಜೆಯಿಡಬೇಕೆಂಬ ಈರ್ಯಾಸಮಿತಿಯ ನಿಯಮ ಇದರ ಇನ್ನೊಂದು ಮುಖ. ಈ ದರ್ಶನದಲ್ಲಿ ನೋಡುವುದು ಅಹಿಂಸೆಯ ಮೊದಲ ಹೆಜ್ಜೆ. ಈ ಅಳತೆಗೋಲಿನಿಂದ ನೋಡಿದರೆ ಮಾರ್ಟರ್ ಎತ್ತುವ ಪ್ರಶ್ನೆ ಕೇವಲ ಕ್ರೌರ್ಯದ್ದಲ್ಲ. ಕತ್ತಿಯೂ ಕ್ರೂರವೇ. ಆದರೆ ಕತ್ತಿ ಹಿಡಿದವನು ಎಚ್ಚರದಿಂದಿರಬಲ್ಲ, ಎದುರಿಗಿರುವವನು ಮಗುವೆಂದು ಕಂಡರೆ ಕೈ ತಡೆಯಬಲ್ಲ. ಕಾಣದ ಗುರಿಯನ್ನು ಹೊಡೆಯುವ ಆಯುಧದಲ್ಲಿ ಕಾಣದಿರುವಿಕೆ ಬಳಸುವವನ ದೋಷವಲ್ಲ. ಅದು ಆಯುಧದ ರಚನೆಯಲ್ಲಿಯೇ ಇದೆ. ಹೀಗಿರುವಾಗ ರಕ್ಷಣೆಗೆಂದು ಹಾರಿಸಿದ ಗುಂಡೂ ವಿರೋಧೀ ಹಿಂಸೆಯ ಮಿತಿಯೊಳಗೆ ಉಳಿಯುವುದೇ ಎಂಬುದು ಸುಲಭವಾಗಿ ಬಗೆಹರಿಯುವ ಪ್ರಶ್ನೆಯಲ್ಲ.

ಪಂಪನ 'ಆದಿಪುರಾಣ'ದಲ್ಲಿ ಭರತ ಬಾಹುಬಲಿಗಳ ಸೈನ್ಯಗಳು ಎದುರಾದಾಗ ಮಂತ್ರಿಗಳು ಮುಂದಿಡುವ ಸಲಹೆಯನ್ನು ಈ ಹಿನ್ನೆಲೆಯಲ್ಲಿ ಮತ್ತೆ ಓದಬಹುದು. ನಿರಪರಾಧಿಗಳಾದ ಸೈನಿಕರು ಸಾಯುವುದು ಬೇಡ, ಅಣ್ಣತಮ್ಮಂದಿರಿಬ್ಬರೇ ಹೋರಾಡಲಿ ಎಂಬುದು ಅದರ ಸಾರ. ನಿಗದಿಯಾದ ಮೂರು ಯುದ್ಧಗಳಲ್ಲಿ ಮೊದಲನೆಯದು ದೃಷ್ಟಿಯುದ್ಧ. ಜಲಯುದ್ಧ, ಮಲ್ಲಯುದ್ಧಗಳು ಅನಂತರದವು. ಎದುರಾಳಿಯ ಮುಖವನ್ನು ಎವೆಯಿಕ್ಕದೆ ನೋಡುವುದೇ ಅಲ್ಲಿ ಹೋರಾಟ. ಹಾಗೆ ನೋಡಿದವನೇ ಮಲ್ಲಯುದ್ಧದಲ್ಲಿ ಅಣ್ಣನನ್ನು ಮೇಲೆತ್ತಿ, ನೆಲಕ್ಕಪ್ಪಳಿಸದೆ, ಗೆದ್ದ ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಡೆದನು.

ಆ ಬಾಹುಬಲಿಯನ್ನು ಬೆಳ್ಗೊಳದ ಬೆಟ್ಟದ ಮೇಲೆ ಕಡೆಯಿಸಿದ ಚಾವುಂಡರಾಯ ಗಂಗರ ಮಂತ್ರಿ ಮತ್ತು ಸೇನಾಪತಿ. ಅವನ ಒಡೆಯರು ತಮ್ಮನ್ನು ಕುವಳಾಲಪುರವರೇಶ್ವರರೆಂದೂ ನಂದಗಿರಿನಾಥರೆಂದೂ ಕರೆದುಕೊಂಡವರು. ಆ ಕುವಳಾಲಪುರವೇ ಇಂದಿನ ಕೋಲಾರ. ಆ ನಂದಗಿರಿಯೇ 1791ರ ಲಗ್ಗೆಯನ್ನು ಕಂಡ ನಂದಿದುರ್ಗ. ಯುದ್ಧವನ್ನು ಬಲ್ಲ ಒಬ್ಬ ಸೇನಾಪತಿ, ತಾನು ಗೆದ್ದ ಕಾಳಗಗಳ ಸ್ಮಾರಕವಾಗಿ ಆಯುಧ ಹಿಡಿದ ವೀರನನ್ನಲ್ಲ, ಆಯುಧವಿಲ್ಲದೆ ಕಣ್ತೆರೆದು ನಿಂತವನನ್ನು ಕಡೆಯಿಸಿದನು. ಮಾರ್ಟರಿನ ಇತಿಹಾಸವನ್ನು ಕೋಲಾರ ಸೀಮೆಯಿಂದ ಓದುವವರು ಆ ತೆರೆದ ಕಣ್ಣುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಮುಂದೆ ಹೋಗುವಂತಿಲ್ಲ.